ಗೋಡೆಯ ಈಚೆ ಗೀಸರು, ಆಚೆ ಏಸಿ

ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿ ಕೊನೆಗೂ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ. ನಾಲ್ಕು ಮಹಡಿಯ ಹಳೆಯ ಕಟ್ಟಡವನ್ನು ಕೆಡವಿ ಇಪ್ಪತ್ತಮೂರು ಮಹಡಿಯ ಗಾಜಿನ ಗೋಪುರ ಕಟ್ಟಿಕೊಡಲಿರುವ ಬಿಲ್ಡರು ಕಳೆದ ಭಾನುವಾರ ತಮ್ಮ ಸಲಹೆಗಾರರೊಬ್ಬರನ್ನು ಕಳುಹಿಸಿ, ಇನ್ನು ಮುಂದೆ ನಾವು ವಾಸಿಸಲಿರುವುದು ಬರಿಯ ಫ್ಲ್ಯಾಟಿನಲ್ಲಲ್ಲ, ‘ಸುಸ್ಥಿರ ನೆರೆಹೊರೆ’ಯಲ್ಲಿ ಎಂದು ಮನಗಾಣಿಸಿದರು. ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಕೋಪನ್‌ಹೇಗನ್ನಿನ ಒಂದು ಬೀದಿ, ಅದರ ನೆಲದಡಿಯಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಎರಡು ಕೊಳವೆ, ಆ ಕೊಳವೆಯ ಬಿಸಿನೀರಿನಿಂದ ಬೆಚ್ಚಗಾಗುತ್ತಿದ್ದ ಸಾಲುಮನೆಗಳು. ಮೂರು ಫ್ಯಾನುಗಳು ಗಿರಗಿರನೆ ತಿರುಗುತ್ತಿದ್ದರೂ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಕುಳಿತಿದ್ದ ನಾವೆಲ್ಲರೂ ಮೈಮರೆತು ಚಪ್ಪಾಳೆ ತಟ್ಟಿದೆವು.

ಡೆನ್ಮಾರ್ಕಿನ ಮನೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಇಂಥ ಊರ ಕೊಳವೆಯನ್ನು ನಂಬಿಕೊಂಡೇ ಚಳಿಗಾಲ ಕಳೆಯುತ್ತವೆ ಎಂಬುದು ನಿಜ. ಮುಂಬಯಿಯ ಚಳಿಗಾಲದ ಮಾತು ಬೇರೆ. ಸಾಂತಾಕ್ರೂಜಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.4 ಡಿಗ್ರಿ, ಅದೂ 1962ರ ಜನವರಿ 22ರಂದು. ಅಂದು ನಡುಗಿದವರ ಮೊಮ್ಮಕ್ಕಳು ಈಗ ಗೃಹಸಾಲದ ಕಂತು ಕಟ್ಟುತ್ತಿದ್ದಾರೆ. ಅಂಥದೊಂದು ಬೆಳಗು ಮತ್ತೆ ಬಂದರೆ ನಾವು ಅಪ್ರಸ್ತುತರಾಗಬಾರದೆಂಬ ದೂರದೃಷ್ಟಿ ಬಿಲ್ಡರಿಗಿದೆ; ಆ ದೂರದೃಷ್ಟಿಗೆ ಚದರಡಿಯ ಲೆಕ್ಕದಲ್ಲಿ ದರವೂ ಇದೆ.

ಇದು ಐದನೇ ಪೀಳಿಗೆಯ ಜಾಲ, ಚಿಕ್ಕದಾಗಿ 5ಜಿ ಎನ್ನುತ್ತಾರೆ ಎಂದು ಸಲಹೆಗಾರರು ಹೇಳಿದ್ದೇ ತಡ, ಸಭೆಗೆ ಜೀವ ಬಂತು. ಟೆರೇಸಿನ ಮೇಲೆ ಟವರು ನಿಲ್ಲಿಸುವುದಾದರೆ ತಿಂಗಳ ಬಾಡಿಗೆ ಎಷ್ಟು, ಅದು ಸೊಸೈಟಿಯ ಖಾತೆಗೋ ಮೇಲಿನ ಮಹಡಿಯವರಿಗೋ ಎಂಬ ವಿಷಯದಲ್ಲಿ ನಲವತ್ತು ನಿಮಿಷ ಗಂಭೀರ ಚರ್ಚೆ ನಡೆಯಿತು. ಈ ಜಾಲಕ್ಕೂ ಮೊಬೈಲಿಗೂ ಸಂಬಂಧವಿಲ್ಲವೆಂದು ಗೊತ್ತಾದ ಮೇಲೆ ಅರ್ಧ ಸಭೆ ಚಹಾದ ಕಡೆಗೆ ನಡೆಯಿತು.

ಉಳಿದವರಿಗಾಗಿ ಸಲಹೆಗಾರರು ಹೇಳಬಹುದಾಗಿದ್ದ, ಆದರೆ ಹೇಳದೆ ಬಿಟ್ಟ ಕಥೆ ಸ್ವಾರಸ್ಯದ್ದು. ಊರಿಗೆಲ್ಲ ಒಂದೇ ಒಲೆ ಎಂಬ ವ್ಯಾಪಾರ 1877ರಲ್ಲಿ ಅಮೆರಿಕದ ಲಾಕ್‌ಪೋರ್ಟಿನಲ್ಲಿ ಕೊಳವೆಯಲ್ಲಿ ಹಬೆ ಹರಿಸುವುದರೊಂದಿಗೆ ಶುರುವಾಯಿತು. 1882ರಲ್ಲಿ ಮ್ಯಾನ್‌ಹಟನ್ನಿಗೆ ಬಂದ ಹಬೆ ಇಂದಿಗೂ ಅಲ್ಲಿನ ಬೀದಿಗಳಲ್ಲಿ ಬುಸುಗುಟ್ಟುತ್ತಿದೆ. ಆಮೇಲೆ ಪೀಳಿಗೆ ಬದಲಾದಂತೆಲ್ಲ ಕೊಳವೆಯ ಬಿಸಿ ಇಳಿಯುತ್ತ ಬಂತು: ಹಬೆಯ ಜಾಗಕ್ಕೆ ಕುದಿಬಿಂದು ದಾಟಿದ ಒತ್ತಡದ ನೀರು, ಅನಂತರ ನೂರಕ್ಕಿಂತ ಕೆಳಗಿನ ನೀರು, ನಾಲ್ಕನೆಯದರಲ್ಲಿ ಐವತ್ತರಿಂದ ಎಪ್ಪತ್ತು ಡಿಗ್ರಿ. ಬಿಸಿ ಇಳಿದಷ್ಟೂ ದಾರಿಯಲ್ಲಿ ಸೋರುವುದು ಕಡಿಮೆ. ಐದನೆಯದರಲ್ಲಿ ಹರಿಯುವುದು ಹೆಚ್ಚುಕಡಿಮೆ ನೆಲದಷ್ಟೇ ಬೆಚ್ಚಗಿನ ನೀರು; ಬಿಸಿ ಬೇಕಾದ ಕಟ್ಟಡ ತನ್ನ ಹೀಟ್ ಪಂಪಿನಿಂದ (ಏಸಿಯಂತೆಯೇ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಯಂತ್ರದಿಂದ) ಆ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ, ತಂಪು ಬೇಕಾದದ್ದು ತನ್ನ ಶಾಖವನ್ನು ಅದಕ್ಕೇ ಸುರಿಯುತ್ತದೆ. ನೆದರ್‌ಲೆಂಡ್ಸಿನ ಹೀರ್ಲೆನ್ ಎಂಬ ಊರು ಮುಚ್ಚಿಹೋದ ಕಲ್ಲಿದ್ದಲ ಗಣಿಯಲ್ಲಿ ನಿಂತ ನೀರನ್ನೇ 2008ರಿಂದ ಹೀಗೆ ಬಳಸಿಕೊಳ್ಳುತ್ತಿದೆ. ಅಲ್ಲಿನ ‘ಬಿಸಿ’ ಬಾವಿಯ ನೀರು 28 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ನಮ್ಮ ಟೆರೇಸಿನ ಟ್ಯಾಂಕಿಯಿಂದ ಬರುವ ನೀರಿಗೆ ಕೈ ಒಡ್ಡಿದವರು ಇದನ್ನು ಕೇಳಿ ನಗಬಹುದು.

ನಗುವುದಕ್ಕೆ ಮುನ್ನ ನನ್ನ ಬಚ್ಚಲಿಗೆ ಬರಬೇಕು. ನಲ್ಲಿಯ ಮೇಲೆ, ಮೊಳೆಗೆ ನೇತುಹಾಕಿದಂತೆ, 2 ಕಿಲೋವಾಟಿನ ಗೀಸರು ಕುಳಿತಿದೆ. ಅದರ ಹಿಂದಿನ ಗೋಡೆ ಒಂಬತ್ತಿಂಚು ದಪ್ಪ. ಗೋಡೆಯಾಚೆ, ಗಾಳಿಗೆಂದು ಕಟ್ಟಡದಲ್ಲಿ ಬಿಟ್ಟ ಇಕ್ಕಟ್ಟಾದ ಡಕ್ಟಿನೊಳಗೆ, ತುಕ್ಕು ಹಿಡಿದ ಕಬ್ಬಿಣದ ಮೇಲೆ ಒಂದೂವರೆ ಟನ್ನಿನ ಏಸಿಯ ಔಟ್‌ಡೋರ್ ಯೂನಿಟ್ಟು, ಅದರ ನೆತ್ತಿಯ ಮೇಲೆ ಪಾರಿವಾಳದ ಗೂಡು. ಆ ಯೂನಿಟ್ಟು ಕೋಣೆಯಿಂದ ಸುಮಾರು 5 ಕಿಲೋವಾಟ್ ಶಾಖವನ್ನು ಹೊರದಬ್ಬುತ್ತದೆ. ಹಾಗೆ ದಬ್ಬಲು ತಾನು ತಿಂದ ಒಂದೂವರೆ ಕಿಲೋವಾಟನ್ನೂ ಸೇರಿಸಿ ಡಕ್ಟಿಗೆ ಉಗುಳುತ್ತದೆ. ಮೂರು ಗೀಸರಿನಷ್ಟು ಬಿಸಿಯನ್ನು ಹಣ ಕೊಟ್ಟು ಪಾರಿವಾಳಕ್ಕೆ ದಾನ ಮಾಡಿ, ಒಂದು ಗೀಸರಿನಷ್ಟು ಬಿಸಿಯನ್ನು ಮತ್ತೆ ಹಣ ಕೊಟ್ಟು ಕೊಳ್ಳುವ ನಾನು, ಆ ಕಡೆಯ ವಿದ್ಯುತ್ ಬಿಲ್ಲನ್ನೂ ಈ ಕಡೆಯ ಬಿಲ್ಲನ್ನೂ ಒಂದೇ ಮೀಟರಿನಲ್ಲಿ ಓದಿ ನಿಟ್ಟುಸಿರು ಬಿಡುತ್ತೇನೆ. ಡಕ್ಟಿಗೆ ಮುಖ ಮಾಡಿರುವ ಯೂನಿಟ್ಟುಗಳು ಹದಿನಾರು. ಒಂದರ ಉಸಿರು ಇನ್ನೊಂದರ ಮುಖಕ್ಕೆ. ಆದ್ದರಿಂದ ಎಲ್ಲವೂ ಹೆಚ್ಚು ದುಡಿಯುತ್ತವೆ, ಆದ್ದರಿಂದ ಡಕ್ಟು ಇನ್ನಷ್ಟು ಕಾಯುತ್ತದೆ, ಆದ್ದರಿಂದ ನಾವು ಇನ್ನೂ ಎರಡು ಡಿಗ್ರಿ ಇಳಿಸುತ್ತೇವೆ. 2020ರ ಜನವರಿಯಿಂದ ಹೊಸ ಏಸಿ 24 ಡಿಗ್ರಿಯಲ್ಲೇ ಚಾಲೂ ಆಗಬೇಕೆಂದು ಸರಕಾರದ ನಿಯಮವಿದೆ. ಅಲ್ಲಿಂದ 18ಕ್ಕೆ ಇಳಿಸಲು ರಿಮೋಟನ್ನು ಆರು ಸಲ ಒತ್ತಬೇಕು, ಬೆರಳಿಗೆ ಅದು ಬಾಯಿಪಾಠವಾಗಿದೆ.

ನಮಗೆ ಬೇಕಾದದ್ದು ಕೋಪನ್‌ಹೇಗನ್ನಿನ ಹಿಮವಲ್ಲ, ಈ ಒಂಬತ್ತಿಂಚಿನ ಗೋಡೆಯಲ್ಲಿ ಒಂದು ತೂತು ಎಂದು ಸಭೆಯಲ್ಲಿ ಅರಿಕೆ ಮಾಡಿಕೊಂಡೆ. ಗಾಂಧಿನಗರದ ಪಕ್ಕದ ಗಿಫ್ಟ್ ಸಿಟಿಯಲ್ಲಿ ಒಂದೇ ಸ್ಥಾವರ ಹಲವು ಕಟ್ಟಡಗಳಿಗೆ ತಣ್ಣೀರು ಹರಿಸಿ ತಂಪು ಮಾಡುತ್ತಿದೆಯೆಂದೂ ಹೇಳಿದೆ. (ತಮಗೆ ಬರಬೇಕಿದ್ದ ಹಣಕಾಸು ಕೇಂದ್ರ ಗುಜರಾತಿನ ಪಾಲಾಯಿತೆಂಬ ಸಿಟ್ಟಿನಿಂದ, ಗಿಫ್ಟ್ ಸಿಟಿಯ ಹೆಸರೆತ್ತಿದರೆ ಮುಂಬಯಿಯಲ್ಲಿ ಬೇರೆಯೇ ಶಾಖ ಏಳುತ್ತದೆಂಬುದನ್ನು ಮರೆತಿದ್ದೆ.) ನೆಲಮಹಡಿಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರುಗಳು ರಾತ್ರಿಯಿಡೀ ಹೊರಹಾಕುವ ಬಿಸಿಯೊಂದೇ ಸಾಕು, ಬೆಳಗಿನ ಎಷ್ಟೋ ಬಕೆಟ್ಟುಗಳಿಗಾದೀತು ಎಂದೆ. ಖಜಾಂಚಿಯವರು ಕನ್ನಡಕ ಸರಿಪಡಿಸಿಕೊಂಡು, “ರಾಯರೇ, ನನ್ನ ಮನೆಯ ಶಾಖವನ್ನು ಎದುರುಮನೆಯವರು ಮೀಯಲು ಬಳಸಿದರೆ ನನಗೆ ಮೇಂಟೆನೆನ್ಸಿನಲ್ಲಿ ಎಷ್ಟು ಕಡಿತ?” ಎಂದರು. ನಾನು ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಬಿಸಿ ಯಾರದು, ನನ್ನದೋ ಬಾಡಿಗೆದಾರನದೋ ಎಂದು ಇನ್ನೊಬ್ಬರು. ನಮ್ಮ ಅಜ್ಜಿಮನೆಯ ಬಚ್ಚಲೊಲೆಯ ಒಂದೇ ಹಂಡೆಯಲ್ಲಿ ಹದಿನೆಂಟು ಮಂದಿ ಮೀಯುತ್ತಿದ್ದೆವು, ಯಾರೂ ಲೆಕ್ಕ ಕೇಳಿರಲಿಲ್ಲ ಎಂದು ಹೇಳಲು ಹೋದೆ. ಅಷ್ಟರಲ್ಲಿ ಹಿಮದ ನಕ್ಷೆ ಬಹುಮತದಿಂದ ಅಂಗೀಕಾರವಾಗಿತ್ತು, ಪ್ರತಿ ಫ್ಲ್ಯಾಟಿಗೂ ಔಟ್‌ಡೋರ್ ಯೂನಿಟ್ಟು ಇಡಲು ಮೂರು ಜಾಗ ಬಿಡಬೇಕೆಂಬ ತಿದ್ದುಪಡಿಯೊಂದಿಗೆ.

ವಿಚಿತ್ರವೆಂದರೆ ನಾನು ಕೇಳಿದ ಜಾಲ ನಮ್ಮ ಕಟ್ಟಡದಲ್ಲಿ ಆಗಲೇ ಇದೆ. ಮೂರನೆಯ ಮಹಡಿಯ ಕುಂದಾಪುರದ ಅಕ್ಕ, ಜುಲೈ ತಿಂಗಳ ಬಿಡದ ಮಳೆಯಲ್ಲಿ ಸಂಡಿಗೆ ಒಣಗಿಸಲು ಬಿಸಿಲು ಸಿಗದೆ, ಪಕ್ಕದ ಮನೆಯ ಯೂನಿಟ್ಟು ತಮ್ಮ ಕಿಟಕಿಗೆ ಊದುವ ಗಾಳಿಗೆ ಅಡ್ಡಲಾಗಿ ಬಿದಿರ ಮೊರವೊಂದನ್ನು ಕಟ್ಟಿಕೊಂಡಿದ್ದಾರೆ. ಎರಡೇ ದಿನದಲ್ಲಿ ಸಂಡಿಗೆ ಗರಿಗರಿ. ಕಳೆದ ವಾರ ಪಕ್ಕದ ಮನೆಯ ಹುಡುಗ ಬಿಲ್ಲಿಗೆ ಹೆದರಿ ಏಸಿ ಆರಿಸಿದಾಗ ಅವರು ಬಾಗಿಲು ಬಡಿದು, “ಮಗಾ, ಸ್ವಲ್ಪ ಹೊತ್ತು ಏಸಿ ಹಾಕಿಕೊ, ಇನ್ನೊಂದು ಮೊರ ಹಸಿ ಇದೆ” ಎಂದರಂತೆ.

ಸುದ್ದಿ ಕಮಿಟಿಗೆ ತಲುಪಿ, ಸಾಮಾನ್ಯ ಡಕ್ಟಿನ ಶಾಖವನ್ನು ಅನುಮತಿಯಿಲ್ಲದೆ ಖಾಸಗಿಯಾಗಿ ಬಳಸಿದ್ದಕ್ಕೆ ಕಾರಣ ಕೇಳಿ ನೋಟಿಸು ಹೊರಟಿದೆ. ಉತ್ತರದೊಂದಿಗೆ ಅಕ್ಕ ಒಂದು ಡಬ್ಬಿ ಸಂಡಿಗೆಯನ್ನೂ ಕಳುಹಿಸಿ, ಕಮಿಟಿಯ ಆಫೀಸಿನಲ್ಲಿ ಹಗಲಿಡೀ 18 ಡಿಗ್ರಿಯಲ್ಲಿ ಓಡುವ ಏಸಿಯ ಹಿಂಭಾಗದಲ್ಲಿ ಎರಡು ಮೊರ ಕಟ್ಟುವಷ್ಟು ಜಾಗವಿದೆಯೇ ಎಂದು ವಿಚಾರಿಸಿದ್ದಾರೆ.