ಸಿರಿಯಸ್, ಎಕ್ಸ್‌ಎಂ ಒಂದಾದ ಕಥೆ: ಡೆಟ್ರಾಯ್ಟ್‌ನಿಂದ ಕಂಡಂತೆ

ಡೆಟ್ರಾಯ್ಟ್ ಸುತ್ತಮುತ್ತ ಇರುವ ಕನ್ನಡಿಗರಲ್ಲಿ ಬಹಳ ಮಂದಿಗೆ ಅನ್ನ ಹಾಕುವುದು ಕಾರಿನ ಉದ್ಯಮ. ನನಗೂ ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಯಾರ ಕಾರಿನಲ್ಲಿ ಯಾವ ಸ್ಯಾಟಲೈಟ್ ರೇಡಿಯೋ (ತಿಂಗಳ ಚಂದಾ ಕಟ್ಟಿ ಉಪಗ್ರಹದಿಂದ ಕೇಳುವ ರೇಡಿಯೋ) ಇದೆ ಅಂತ ಕಾರಿನ ಹೆಸರು ನೋಡಿಯೇ ಹೇಳಬಹುದಿತ್ತು. ಜನರಲ್ ಮೋಟಾರ್ಸ್ ಕಾರಾದರೆ ಎಕ್ಸ್‌ಎಂ. ಫೋರ್ಡ್, ಕ್ರೈಸ್ಲರ್ ಆದರೆ ಸಿರಿಯಸ್. ಕಾರು ಕಂಪನಿ ಯಾರ ಜೊತೆ ಒಪ್ಪಂದ ಮಾಡಿಕೊಂಡಿದೆಯೋ ಅವರ ರೇಡಿಯೋ. ನಿಮಗೆ ಯಾರ ಕಾರ್ಯಕ್ರಮ ಇಷ್ಟ ಅಂತ ಯಾರೂ ಕೇಳುತ್ತಿರಲಿಲ್ಲ. ಕಾಗದದ ಮೇಲೆ ಎರಡು ಕಂಪನಿಗಳ ಪೈಪೋಟಿ. ಕಾರಿನೊಳಗೆ ಕೂತವನಿಗೆ ಮಾತ್ರ ಒಂದೇ ಅಂಗಡಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಎರಡು ದೊಡ್ಡ ಕಂಪನಿಗಳು ಒಂದಾಗುತ್ತವೆ ಎಂಬ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಪೈಪೋಟಿ ಹೋಗುತ್ತದಲ್ಲ, ಬೆಲೆ ಏರುತ್ತದಲ್ಲ? ಅದು ಸರಿಯಾದ ಪ್ರಶ್ನೆಯೇ. ಆದರೆ ನಮ್ಮಂಥ ಭಾಷೆಯವರು ಇನ್ನೊಂದನ್ನೂ ಕೇಳಬೇಕು. ಆ ಒಪ್ಪಂದದಲ್ಲಿ ಸಣ್ಣವರಿಗೆ ಎಷ್ಟು ಜಾಗ?

ಮೊದಲು ಪೈಪೋಟಿಯ ಕಥೆ. 1997ರಲ್ಲಿ ಅಮೆರಿಕದಲ್ಲಿ ರೇಡಿಯೋ, ಟಿವಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಆಯೋಗವಾದ ಎಫ್‌ಸಿಸಿ ಸ್ಯಾಟಲೈಟ್ ರೇಡಿಯೋಗೆಂದು ತರಂಗಾಂತರವನ್ನು ಹರಾಜು ಹಾಕಿತು. ಎರಡೇ ಲೈಸೆನ್ಸ್. ಮುಂದೆ ಎಕ್ಸ್‌ಎಂ ಆದ ಕಂಪನಿ ಸುಮಾರು 9 ಕೋಟಿ ಡಾಲರ್ ಕೊಟ್ಟಿತು. ಮುಂದೆ ಸಿರಿಯಸ್ ಆದ ಕಂಪನಿ 8 ಕೋಟಿಗೂ ಜಾಸ್ತಿ ಕೊಟ್ಟಿತು. ಒಬ್ಬರು ಇನ್ನೊಬ್ಬರನ್ನು ಕೊಳ್ಳುವಂತಿಲ್ಲ ಎಂದು ಅಂದೇ ಬರೆದಿದ್ದರು. ಎರಡೂ ಸೇವೆ ಹಿಡಿಯುವ ರಿಸೀವರ್ ಬರಬೇಕು ಎಂಬ ಮಾತೂ ಇತ್ತು. ಆದರೆ ಅಂಥ ರಿಸೀವರ್ ವರ್ಷಗಟ್ಟಲೆ ಅಂಗಡಿಗೆ ಬರಲೇ ಇಲ್ಲ. ಎಕ್ಸ್‌ಎಂನ ಎರಡು ಉಪಗ್ರಹಗಳು ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಇರುತ್ತಿದ್ದವು. ಅವುಗಳ ಹೆಸರು ರಾಕ್ ಮತ್ತು ರೋಲ್. ಸಿರಿಯಸ್‌ನ ಮೂರು ಉಪಗ್ರಹಗಳು ಉದ್ದನೆಯ ಕಕ್ಷೆಯಲ್ಲಿ ಸುತ್ತುತ್ತಾ ಸರದಿಯ ಮೇಲೆ ತಲೆಯ ಮೇಲೆ ಬರುತ್ತಿದ್ದವು. ಹೀಗಾಗಿ ಒಂದರ ರೇಡಿಯೋ ಇನ್ನೊಂದಕ್ಕೆ ಆಗುತ್ತಿರಲಿಲ್ಲ.

ಎಕ್ಸ್‌ಎಂ 2001ರಲ್ಲಿ ಶುರುವಾಯಿತು. ತಿಂಗಳಿಗೆ 9.95 ಡಾಲರ್. ಮರುವರ್ಷ ಬಂದ ಸಿರಿಯಸ್ 12.95 ಇಟ್ಟಿತು. ಪೈಪೋಟಿಯಲ್ಲಿ ಬೆಲೆ ಇಳಿಯಬೇಕು ಅಲ್ವಾ? ಇಲ್ಲಿ ಹಾಗಾಗಲಿಲ್ಲ. 2005ರಲ್ಲಿ ಕಡಿಮೆ ಇಟ್ಟಿದ್ದವರೇ ಏರಿಸಿ ಇಬ್ಬರದೂ 12.95 ಆಯಿತು. ಪೈಪೋಟಿ ನಡೆದದ್ದು ಬೇರೆ ಕಡೆ. ಹೊವರ್ಡ್ ಸ್ಟರ್ನ್ ಎಂಬ ಒಬ್ಬ ಮಾತುಗಾರನ ಕಾರ್ಯಕ್ರಮಕ್ಕೆ ಸಿರಿಯಸ್ ಐದು ವರ್ಷಕ್ಕೆ 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಎಕ್ಸ್‌ಎಂ ಬೇಸ್‌ಬಾಲ್‌ಗೆ 11 ವರ್ಷಕ್ಕೆ 65 ಕೋಟಿ. ಇಬ್ಬರೂ ನಷ್ಟದಲ್ಲೇ ಇದ್ದರು, ಇಬ್ಬರೂ ಖರ್ಚು ಮಾಡುತ್ತಲೇ ಹೋದರು. ಅಷ್ಟು ದುಡ್ಡು ಸುರಿದರೂ ಕೇಳುಗನ ಕೈಗೆ ಬೇರೆ ರೇಡಿಯೋ ಆರಿಸುವ ಹಕ್ಕು ಬರಲಿಲ್ಲ ಎನ್ನುವುದೇ ನನಗೆ ಬೇಸರದ ಸಂಗತಿ.

2007ರ ಫೆಬ್ರವರಿಯಲ್ಲಿ ಇಬ್ಬರೂ ಒಂದಾಗುತ್ತೇವೆ ಎಂದು ಘೋಷಿಸಿದರು. ಸಿರಿಯಸ್ ಮುಖ್ಯಸ್ಥ ಮೆಲ್ ಕರ್ಮಜಿನ್ ಅವರ ವಾದ ಸರಳವಾಗಿತ್ತು. ನಮ್ಮ ಪೈಪೋಟಿ ನಮ್ಮೊಳಗೆ ಮಾತ್ರ ಇಲ್ಲ, ಎಫ್‌ಎಂ ಇದೆ, ಐಪಾಡ್ ಇದೆ, ಇಂಟರ್‌ನೆಟ್ ಇದೆ ಎಂದು. ಇದನ್ನು ಜೋರಾಗಿ ವಿರೋಧಿಸಿದವರು ಎಫ್‌ಎಂ ಸ್ಟೇಷನ್‌ಗಳ ಸಂಘದವರು. ಸ್ಯಾಟಲೈಟ್ ರೇಡಿಯೋ ಬಂದರೆ ಊರೂರಿನ ಸ್ಟೇಷನ್‌ಗಳಿಗೆ ಪೆಟ್ಟು ಬೀಳುತ್ತದೆ ಎಂದು ಹಿಂದೆ ವಾದಿಸಿದ್ದವರೂ ಅವರೇ. ಈಗ ನಮ್ಮ ಮಾರುಕಟ್ಟೆಯೇ ಬೇರೆ, ಅವರದೇ ಬೇರೆ ಎಂದರು. ಪೈಪೋಟಿಯ ಕಾನೂನು ನೋಡಿಕೊಳ್ಳುವ ಅಮೆರಿಕದ ನ್ಯಾಯ ಇಲಾಖೆ 2008ರ ಮಾರ್ಚ್‌ನಲ್ಲಿ ಅಡ್ಡಿಯಿಲ್ಲ ಎಂದಿತು. ಕಾರು ಕೊಂಡ ಮೇಲೆ ಕೇಳುಗನಿಗೆ ಆಯ್ಕೆಯೇ ಇಲ್ಲ, ಹಾಗಾಗಿ ಅಲ್ಲಿ ಕಳೆದುಕೊಳ್ಳುವ ಪೈಪೋಟಿಯೂ ಹೆಚ್ಚಿಲ್ಲ ಎನ್ನುವುದು ಅವರ ಕಾರಣಗಳಲ್ಲಿ ಒಂದು. ಇಲ್ಲಿ ಪ್ರತಿ ಪಾರ್ಕಿಂಗ್ ಜಾಗದಲ್ಲೂ ಕಾಣುತ್ತಿದ್ದ ಸತ್ಯ ಅದು.

ಎಫ್‌ಸಿಸಿಯಲ್ಲಿ ಮಾತ್ರ ಎಳೆದಾಟ ನಡೆಯಿತು. ಜೊನಾಥನ್ ಅಡೆಲ್‌ಸ್ಟೀನ್ ಎಂಬ ಸದಸ್ಯರು ಕಟ್ಟುನಿಟ್ಟಿನ ಷರತ್ತು ಬೇಕೆಂದರು. ಆರು ವರ್ಷ ಬೆಲೆ ಏರಿಸುವಂತಿಲ್ಲ, ಕಾಲು ಭಾಗ ಜಾಗ ಲಾಭಕ್ಕಲ್ಲದ ಮತ್ತು ಅಲ್ಪಸಂಖ್ಯಾತರ ಕಾರ್ಯಕ್ರಮಕ್ಕೆ ಇರಬೇಕು ಎಂದು. ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಜುಲೈ 2008ರಲ್ಲಿ 3-2 ಮತದಿಂದ ಒಪ್ಪಿಗೆ ಸಿಕ್ಕಿತು. ಬೆಲೆಗೆ ಮೂರು ವರ್ಷದ ತಡೆ, ಸಾಮರ್ಥ್ಯದಲ್ಲಿ ಶೇ 8ರಷ್ಟು ಅಂಥ ಕಾರ್ಯಕ್ರಮಗಳಿಗೆ ಮೀಸಲು.

ಬೆಲೆಯ ತಡೆ ಹೇಗೆ ಸೋರಿತು ನೋಡಿ. ಮೂಲ ಪ್ಯಾಕೇಜಿನ 12.95 ಹಾಗೇ ಇತ್ತು. ಆದರೆ 2009ರಲ್ಲಿ ಮನೆಯ ಎರಡನೇ ರೇಡಿಯೋದ ಬೆಲೆ 6.99ರಿಂದ 8.99 ಆಯಿತು. ಇಂಟರ್‌ನೆಟ್‌ನಲ್ಲಿ ಕೇಳಲು ಬೇರೆ ಶುಲ್ಕ ಬಂತು. ಸಂಗೀತದ ರಾಯಲ್ಟಿ ಎಂದು ಇನ್ನೊಂದು ಸಾಲು ಬಿಲ್ಲಿಗೆ ಸೇರಿತು. ಅತ್ತ ಕಂಪನಿಯೂ ಸುಖವಾಗಿರಲಿಲ್ಲ. 2009ರ ಶುರುವಿನಲ್ಲಿ ದಿವಾಳಿಯ ಬಾಗಿಲಿಗೆ ಬಂದಿತ್ತು. ಜಾನ್ ಮಲೋನ್ ಎಂಬ ಉದ್ಯಮಿಯ ಲಿಬರ್ಟಿ ಮೀಡಿಯಾ ಕಂಪನಿ 53 ಕೋಟಿ ಡಾಲರ್ ಸಾಲ ಕೊಟ್ಟು ಶೇ 40ರಷ್ಟು ಪಾಲು ತೆಗೆದುಕೊಂಡಿತು. ಎರಡು ಕಂಪನಿಗಳ ಚಾನೆಲ್ ಪಟ್ಟಿ ಒಂದು ಮಾಡುವಾಗ ಎಷ್ಟೋ ನಿರೂಪಕರ ಕೆಲಸ ಹೋಯಿತು. ಒಂದೊಂದು ಬಗೆಯ ಸಂಗೀತವನ್ನು ವರ್ಷಗಟ್ಟಲೆ ಆಳವಾಗಿ ತಿಳಿದುಕೊಂಡಿದ್ದ ಜನ ಅವರು.

ಉಳಿದದ್ದು ಆ ಶೇ 8. ಅದರ ಕೆಳಗೆ ಕರಿಯರ ಹಳೆಯ ವಿಶ್ವವಿದ್ಯಾಲಯವಾದ ಹೊವರ್ಡ್‌ಗೆ ಚಾನೆಲ್ ಸಿಕ್ಕಿತು. ಕೊರಿಯನ್ ಭಾಷೆಗೂ ಒಂದು ಸಿಕ್ಕಿತು. ಮಾರುಕಟ್ಟೆಯ ಲೆಕ್ಕದಲ್ಲಿ ಇವಕ್ಕೆ ಜಾಗ ಹುಟ್ಟುತ್ತಿರಲಿಲ್ಲ. ಎರಡು ಕಂಪನಿ ಜಗಳವಾಡುತ್ತಿದ್ದಾಗ ಇಲ್ಲದ ಜಾಗ, ಒಂದಾಗುವಾಗ ಹಾಕಿದ ಷರತ್ತಿನಿಂದ ಬಂತು.

ಡೆಟ್ರಾಯ್ಟ್ ನದಿ ದಾಟಿದರೆ ಕೆನಡಾದ ವಿಂಡ್ಸರ್. ಅಲ್ಲಿನ ದಾರಿಯೇ ಬೇರೆ. 2005ರಲ್ಲಿ ಇವೇ ಎರಡು ಸೇವೆಗಳು ಬಂದಾಗ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗವಾದ ಸಿಆರ್‌ಟಿಸಿ ಬಾಗಿಲಲ್ಲೇ ನಿಲ್ಲಿಸಿ ಷರತ್ತು ಹೇಳಿತು. ಇಷ್ಟು ಹೊರಗಿನ ಚಾನೆಲ್‌ಗೆ ಒಂದು ಕೆನಡಾದ ಚಾನೆಲ್ ಇರಲೇಬೇಕು. ಕೆನಡಾದ ಚಾನೆಲ್‌ಗಳಲ್ಲಿ ಕಾಲು ಭಾಗ ಫ್ರೆಂಚ್ ಇರಬೇಕು. ಲೈಸೆನ್ಸ್ ಬೇಕಾದರೆ ಒಪ್ಪಿ. ಕಂಪನಿಗಳು ಒಪ್ಪಿದವು. 2011ರಲ್ಲಿ ಅಲ್ಲಿಯೂ ಎರಡೂ ಒಂದಾದವು. ಇಂಗ್ಲಿಷ್ ಸಮುದ್ರದ ನಡುವೆ ಇದ್ದೂ ಅಲ್ಲಿನ ಫ್ರೆಂಚ್ ಮಾತಾಡುವವರು ತಮ್ಮ ಪಾಲನ್ನು ಹಕ್ಕಾಗಿ ಕೇಳುತ್ತಾರೆ. ಇದನ್ನು ಹತ್ತಿರದಿಂದ ನೋಡುವಾಗ ನನಗೆ ಹೊಟ್ಟೆಕಿಚ್ಚಾಗುತ್ತದೆ.

ನಮ್ಮ ಕನ್ನಡಕ್ಕೂ ಈ ಕಥೆಗೂ ನೇರ ನಂಟಿದೆ. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ಇಥಿಯೋಪಿಯಾ ಮೂಲದ ನೋವಾ ಸಮಾರಾ ಕಟ್ಟಿದ ಸ್ಯಾಟಲೈಟ್ ರೇಡಿಯೋ ಕಂಪನಿ. ಎಕ್ಸ್‌ಎಂನಲ್ಲಿ ಮೊದಲ ದಿನಗಳಲ್ಲಿ ಹಣ ಹೂಡಿದ್ದು ಇದೇ ವರ್ಲ್ಡ್‌ಸ್ಪೇಸ್. 2005ರಲ್ಲಿ ಎಕ್ಸ್‌ಎಂ ತಿರುಗಿ ಇದರಲ್ಲಿ ಹಣ ಹೂಡಿತು. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ಭಾರತಕ್ಕೆ ಸೇವೆ. ಕನ್ನಡಕ್ಕೆಂದೇ ಸ್ಪರ್ಶ, ಕರ್ನಾಟಕ ಸಂಗೀತಕ್ಕೆ ಶ್ರುತಿ, ಹಿಂದೂಸ್ತಾನಿಗೆ ಗಂಧರ್ವ. ಊರಿಗೆ ಹೋದಾಗ ಬಂಧುಗಳ ಮನೆಯಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಜಾಹೀರಾತಿಲ್ಲದೆ ಶ್ರುತಿ ಹರಿಯುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಇಡೀ ಅಮೆರಿಕದ ಸ್ಯಾಟಲೈಟ್ ರೇಡಿಯೋದಲ್ಲಿ ಕನ್ನಡಕ್ಕೆ ಸಿಗದ ಗೌರವ ಅಲ್ಲಿ ಸಿಕ್ಕಿತ್ತು.

ಆದರೆ ಆ ಕಂಪನಿಗೆ ಎದುರಾಳಿಯೂ ಇರಲಿಲ್ಲ, ಕೈಹಿಡಿಯುವ ಜೊತೆಗಾರನೂ ಇರಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಚಂದಾದಾರರಲ್ಲಿ ಹೆಚ್ಚಿನವರು ಭಾರತದವರೇ ಆಗಿದ್ದರೂ, ಅವರ ಪರವಾಗಿ ಷರತ್ತು ಹಾಕುವ ಮೇಜು ಎಲ್ಲೂ ಇರಲಿಲ್ಲ. ಸ್ಪರ್ಶ ಒಂದೇ ದಿನಕ್ಕೆ ಹೋಯಿತು. ಅಮೆರಿಕದ ಕೇಳುಗರಿಗೆ ವಿಲೀನದ ನಂತರ ಕೊಂಚ ದುಬಾರಿಯಾದರೂ ಸೇವೆ ಉಳಿಯಿತು. ನಮಗೆ ಏನೂ ಉಳಿಯಲಿಲ್ಲ.

ಹಾಗಾದರೆ ಪೈಪೋಟಿ ಇದ್ದಿದ್ದರೆ ಉಳಿಯುತ್ತಿತ್ತಾ? ಬೆಂಗಳೂರಿನ ಎಫ್‌ಎಂ ನೋಡಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾದದ್ದು ಅಲ್ಲೇ. ಆಮೇಲೆ ಒಂದರ ಹಿಂದೆ ಒಂದು ಬಂದವು. ಕನ್ನಡ ಹಾಡಿಗೆ ಕೇಳುಗರಿದ್ದಾರೆ ಎಂದು ಗೊತ್ತಾದಾಗ ಕನ್ನಡ ಹಾಕಿದರು. ಜಾಹೀರಾತುದಾರರು ಬೇರೆ ಕಡೆ ತಿರುಗಿದರೆ ಹಿಂದಿ. ತುಳು, ಕೊಡವ, ಬ್ಯಾರಿ ಮಾತು ರೇಡಿಯೋದಲ್ಲಿ ಹೆಚ್ಚಾಗಿ ಕೇಳಿಸಿದ್ದು ಮಂಗಳೂರು, ಮಡಿಕೇರಿ ಆಕಾಶವಾಣಿಗಳಿಂದ. ಪೈಪೋಟಿ ಜಾಸ್ತಿ ಗಿರಾಕಿ ಇರುವ ಕಡೆಗೇ ಎಲ್ಲರನ್ನೂ ಎಳೆಯುತ್ತದೆ. ಅದನ್ನು ತಪ್ಪು ಎನ್ನಲಾರೆ, ವ್ಯಾಪಾರದ ಸ್ವಭಾವವೇ ಹಾಗೆ. ಅದಕ್ಕೇ ನಿಯಮ ಬೇಕು.

ಇಂಥ ವಿಲೀನ ನಮ್ಮ ದೇಶದಲ್ಲೂ ನಡೆದಿದೆ. 2018ರಲ್ಲಿ ಡಿಶ್ ಟಿವಿ ಮತ್ತು ವಿಡಿಯೋಕಾನ್ ಡಿ2ಎಚ್ ಒಂದಾದವು. 2024ರಲ್ಲಿ ವಯಾಕಾಂ18 ಮತ್ತು ಡಿಸ್ನಿ ಸ್ಟಾರ್ ಒಂದಾದಾಗ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡೂ ಒಂದೇ ಮನೆ ಸೇರಿದವು. ದೊಡ್ಡ ವಿಲೀನಗಳಿಗೆ ಒಪ್ಪಿಗೆ ಕೊಡುವ ಭಾರತದ ಸ್ಪರ್ಧಾ ಆಯೋಗ ಷರತ್ತು ಹಾಕಿಯೇ ಒಪ್ಪಿತು. ಆದರೆ ಆಗ ಹೆಚ್ಚು ಚರ್ಚೆಯಾದದ್ದು ಕ್ರಿಕೆಟ್ ಜಾಹೀರಾತಿನ ದರ. ಕೇಬಲ್ ಮತ್ತು ಡಿಟಿಎಚ್‌ನವರು ದೂರದರ್ಶನದ ಕೆಲವು ಚಾನೆಲ್‌ಗಳನ್ನು ಕೊಡಲೇಬೇಕು ಎಂಬ ನಿಯಮ ನಮ್ಮಲ್ಲಿ ಮೊದಲಿನಿಂದ ಇದೆ. ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗಬಹುದು. ಒಂದಾಗುವ ಕಂಪನಿ ತನ್ನ ಸಾಮರ್ಥ್ಯದಲ್ಲಿ ಇಷ್ಟು ಪಾಲನ್ನು ವಿಶ್ವವಿದ್ಯಾಲಯಗಳಿಗೆ, ಸಮುದಾಯಗಳಿಗೆ, ಸಣ್ಣ ಭಾಷೆಗಳಿಗೆ ಬಿಡಬೇಕು ಎಂದು ಬರೆಯಬಹುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹಾಗೆ ಒಂದು ಚಾನೆಲ್ ಯಾಕೆ ಬೇಡ? ತುಳುವಿಗೆ ಒಂದು ಯಾಕೆ ಬೇಡ?

ಇದಕ್ಕೆ ಹೊತ್ತು ಮುಖ್ಯ. ಸಿರಿಯಸ್ ಮತ್ತು ಎಕ್ಸ್‌ಎಂ ಒಪ್ಪಿಗೆಗಾಗಿ ಹದಿನೇಳು ತಿಂಗಳು ಕಾದವು. ಆ ಹದಿನೇಳು ತಿಂಗಳಲ್ಲೇ ಆ ಶೇ 8 ಹುಟ್ಟಿದ್ದು. ಮುಂದಿನ ಸಲ ಇಂಥ ಅರ್ಜಿ ಆಯೋಗದ ಮುಂದೆ ಬಂದಾಗ ಕರ್ನಾಟಕ ಸರ್ಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ತುಳು ಮತ್ತು ಕೊಡವ ಅಕಾಡೆಮಿಗಳು ಒಪ್ಪಿಗೆ ಬೀಳುವ ಮೊದಲೇ ತಮ್ಮ ಬೇಡಿಕೆಯನ್ನು ಬರೆದು ಕೊಡಬೇಕು.