ಹುಲಿ ಯಾಕೆ ಸಾಯಬೇಕಿತ್ತು?

ನನ್ನ ಮಗಳಿಗೆ 7 ವರ್ಷ. ಹುಟ್ಟಿದ್ದು, ಬೆಳೆಯುತ್ತಿರುವುದು ಇಲ್ಲೇ, ಜರ್ಮನಿಯ ಕಾಸೆಲ್‌ನಲ್ಲಿ. ಹಗಲೆಲ್ಲ ಜರ್ಮನ್ ಆಗಲಿ, ಮಲಗುವಾಗ ಮಾತ್ರ ಕನ್ನಡ ಎಂದು ಹಟ ಹಿಡಿದಿದ್ದೇನೆ. ಹೋದ ಚಳಿಗಾಲದ ಒಂದು ರಾತ್ರಿ ಪುಣ್ಯಕೋಟಿ ಹಾಡಿದೆ. ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲಿ ಕಟ್ಟಿತು. ತಬ್ಬಲಿ ಕರು, ಉಳಿದ ಹಸುಗಳಿಗೆ ಒಪ್ಪಿಸಿ ಹೊರಟ ತಾಯಿ, ಗವಿಯ ಬಾಗಿಲು. ಕೊನೆಗೆ ಹುಲಿ ಹಾರಿ ನೆಗೆದು ಪ್ರಾಣ ಬಿಟ್ಟಿತು. ಮಗಳು ಅಳಲಿಲ್ಲ. ಎದ್ದು ಕೂತಳು.

"ಅಪ್ಪ, ಹುಲಿ ಯಾಕೆ ಸಾಯಬೇಕು? ಅದಕ್ಕೆ ತಪ್ಪು ಗೊತ್ತಾಯ್ತಲ್ಲ?"

ಅದು ಸತ್ಯದ ಕತೆ, ಸತ್ಯ ಎಷ್ಟು ದೊಡ್ಡದು ಅಂತ ತೋರಿಸೋದಕ್ಕೆ, ಎಂದೆ.

"ಸತ್ಯ ಹೇಳಿದ್ದು ಹಸು. ಸತ್ತಿದ್ದು ಹುಲಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ನಲವತ್ತು ವರ್ಷ ಈ ಹಾಡು ಕೇಳಿದ್ದೇನೆ, ಹಾಡಿದ್ದೇನೆ, ಅತ್ತಿದ್ದೇನೆ. ಹುಲಿಯ ಕಡೆಯಿಂದ ಒಂದು ದಿನವೂ ಯೋಚಿಸಿರಲಿಲ್ಲ.

ಅವಳಿಗೆ ಹಾಗೆ ಅನಿಸಿದ್ದು ಯಾಕೆ ಎಂದು ಆಮೇಲೆ ಹೊಳೆಯಿತು. ಅವಳು ನೋಡಿ ಬೆಳೆದ ಕತೆಗಳಲ್ಲಿ ತಪ್ಪು ಮಾಡಿದವರು ಸಾಯುವುದಿಲ್ಲ. 2016ರ 'ಮೊವಾನಾ' ಸಿನಿಮಾ ಅವಳಿಗೆ ಪ್ರಾಣ, ಇಲ್ಲಿ ಅದರ ಹೆಸರು 'ವಯಾನಾ'. ಅದರಲ್ಲಿ ಮಾವಿ ಎಂಬ ಅರೆದೇವರು ದ್ವೀಪದೇವಿಯ ಹೃದಯವನ್ನೇ ಕದ್ದಿರುತ್ತಾನೆ. ಹೃದಯ ಹೋದ ದೇವಿ ಬೆಂಕಿಯ ರಾಕ್ಷಸಿಯಾಗಿರುತ್ತಾಳೆ. ಕೊನೆಗೆ ಅವನು ಅವಳ ಎದುರು ನಿಂತು, ನಾನು ಮಾಡಿದ್ದು ತಪ್ಪು, ಅದಕ್ಕೆ ನೆಪ ಇಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅವಳು ಅವನ ಮುರಿದ ಗಾಳವನ್ನು ಮತ್ತೆ ಮಾಡಿ ಕೊಡುತ್ತಾಳೆ. ರಾಕ್ಷಸಿಯೂ ಸಾಯುವುದಿಲ್ಲ, ಕಳ್ಳನೂ ಸಾಯುವುದಿಲ್ಲ.

ನನ್ನನ್ನು ಅಲ್ಲಾಡಿಸಿದ್ದು ಅದಲ್ಲ, 2021ರ 'ಎಂಕಾಂಟೊ'. ಕೊಲಂಬಿಯಾದ ಒಂದು ದೊಡ್ಡ ಕೂಡು ಕುಟುಂಬದ ಕತೆ. ಮನೆಯ ಯಜಮಾನಿ ಅಜ್ಜಿ. ಅವಳ ಮಾತೇ ಕೊನೆಯ ಮಾತು. ಮನೆಯ ಗೋಡೆ ಬಿರುಕು ಬಿಟ್ಟರೆ ಎಲ್ಲ ತಪ್ಪೂ ಮೊಮ್ಮಗಳ ತಲೆಗೆ. ಮನೆ ಬಿದ್ದೇ ಹೋದಮೇಲೆ ಅಜ್ಜಿ ಹೊಳೆಯ ದಂಡೆಗೆ ಹೋಗುತ್ತಾಳೆ. ಅವಳ ಗಂಡ ಸತ್ತ ಜಾಗ ಅದು. ಅಲ್ಲಿ ಮೊಮ್ಮಗಳ ಎದುರು ಹೇಳುತ್ತಾಳೆ: ಮನೆ ಒಡೆದದ್ದು ನಿನ್ನಿಂದ ಅಲ್ಲ, ನನ್ನಿಂದ.

ಸಿನಿಮಾ ಮುಗಿದಮೇಲೂ ನಾನು ಏಳಲಿಲ್ಲ. ಹಿರಿಯರೊಬ್ಬರು ಕಿರಿಯರ ಎದುರು ತಪ್ಪು ಒಪ್ಪಿಕೊಂಡಿದ್ದನ್ನು ನಮ್ಮ ಧಾರವಾಡದ ಮನೆಯಲ್ಲಿ ನಾನು ಯಾವತ್ತಾದರೂ ಕಂಡಿದ್ದೇನೆಯೇ ಎಂದು ನೆನೆಸುತ್ತಾ ಕೂತೆ. ಒಂದೂ ನೆನಪಾಗಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನ 50 ರೂಪಾಯಿ ನೋಟು ಕಾಣೆಯಾಯಿತು. ಕಿರಾಣಿ ಅಂಗಡಿಗೆ ಹೋಗಿ ಬಂದವನು ನಾನು, ಕದ್ದವನೂ ನಾನೇ ಎಂದಾಯಿತು. ಬೆಲ್ಟಿನಿಂದ ಹೊಡೆದರು. ಸಂಜೆ ಅವ್ವ ಅಂಗಿ ಒಗೆಯಲು ತೆಗೆದರೆ ನೋಟು ಕಿಸೆಯಲ್ಲೇ ಇತ್ತು. ಅಪ್ಪ ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬರುವಾಗ ಕೈಯಲ್ಲಿ ಪೇಡದ ಪೊಟ್ಟಣ. "ಆತು ಬಿಡು, ನಿಮ್ಮಪ್ಪ ತಂದಾರ, ತಿನ್ನು" ಎಂದಳು ಅವ್ವ. ತಿಂದೆ. ಅಲ್ಲಿಗೆ ಮುಗಿಯಿತು. ಅವರಿಗೆ ಮುಗಿಯಿತು. ಅಪ್ಪ ಹೋಗಿ ಐದು ವರ್ಷವಾಯಿತು. ಪೇಡ ಬಾಯಿಗಿಟ್ಟರೆ ನನಗೆ ಇವತ್ತಿಗೂ ಬೆನ್ನು ಚುರುಗುಟ್ಟುತ್ತದೆ.

ಇಲ್ಲಿ ಹಾಗಲ್ಲ. ಮಗಳು ಶಿಶುವಿಹಾರದಲ್ಲಿದ್ದಾಗ ಒಬ್ಬ ಹುಡುಗ ಅವಳು ಕಟ್ಟಿದ ಮರದ ಗೋಪುರವನ್ನು ಒದ್ದು ಬೀಳಿಸಿದ. ನಾನು ಕರೆದುಕೊಂಡು ಬರಲು ಹೋದಾಗ ಟೀಚರ್ ಇಬ್ಬರನ್ನೂ ಎದುರು ಬದುರು ಕೂರಿಸಿದ್ದರು. 'ಸಾರಿ ಹೇಳು' ಎಂದು ಆ ಹುಡುಗನಿಗೆ ಅವರು ಹೇಳಲಿಲ್ಲ. ನೀನು ಏನು ಮಾಡಿದೆ ಅಂತ ಅವಳಿಗೆ ಹೇಳು, ಹೇಗೆ ಸರಿ ಮಾಡಲಿ ಅಂತ ಕೇಳು ಎಂದರು. ಅವನು ಕೇಳಿದ. ನನ್ನ ಮಗಳು ಮುಖ ತಿರುಗಿಸಿ 'ಈಗ ಬೇಡ' ಅಂದಳು. ನಾನಾಗಿದ್ದರೆ 'ಹೋಗ್ಲಿ ಬಿಡು, ಫ್ರೆಂಡ್ಸ್ ಆಗಿ' ಎಂದು ಇಬ್ಬರ ಕೈ ಜೋಡಿಸಿ ಮುಗಿಸುತ್ತಿದ್ದೆ. ಟೀಚರ್ ಮಾತ್ರ, ಸರಿ, ನಿನಗೆ ಯಾವಾಗ ಆಗುತ್ತೋ ಆವಾಗ ಎಂದರು. ಮಾರನೇ ದಿನ ಇಬ್ಬರೂ ಸೇರಿ ಗೋಪುರ ಕಟ್ಟಿದರು.

ಕ್ಷಮೆ ಕೇಳುವುದಕ್ಕೆ ಜರ್ಮನ್ನರು 'ಎಂಟ್‌ಶುಲ್ಡಿಗುಂಗ್' ಎನ್ನುತ್ತಾರೆ. ಅದರೊಳಗಿನ 'ಶುಲ್ಡ್' ಎಂದರೆ ತಪ್ಪು. ಅದೇ ಪದಕ್ಕೆ ಸಾಲ ಎಂಬ ಅರ್ಥವೂ ಇದೆ. ಸಾಲ ಅಂದಮೇಲೆ ಎಷ್ಟು, ಯಾರಿಗೆ ಎಂದು ಬಾಯಿಬಿಟ್ಟು ಹೇಳಲೇಬೇಕು. ನಮ್ಮಲ್ಲಿ ಎಷ್ಟು ಎಂದು ಯಾರೂ ಹೇಳುವುದಿಲ್ಲ. 'ಹೊಟ್ಟೆಗೆ ಹಾಕ್ಕೊಳ್ಳಿ' ಅನ್ನುತ್ತೇವೆ. ಹಾಕಿಕೊಳ್ಳುವ ಹೊಟ್ಟೆ ಯಾವಾಗಲೂ ಚಿಕ್ಕವರದು, ಸೊಸೆಯದು, ತಂಗಿಯದು.

ಕಾಸೆಲ್ ಎಂದರೆ ಗ್ರಿಮ್ ಸಹೋದರರ ಊರು. ಅವರು ಕತೆ ಕೂಡಿಸಿದ್ದು ಇಲ್ಲೇ, ಮೊದಲ ಸಂಪುಟ ಬಂದದ್ದು 1812ರಲ್ಲಿ. 2015ರಲ್ಲಿ ಅವರ ಹೆಸರಿನ ದೊಡ್ಡ ಮ್ಯೂಸಿಯಂ ಇಲ್ಲಿ ತೆರೆಯಿತು, ಮಳೆ ಬಂದರೆ ನಾವಿಬ್ಬರೂ ಹೋಗುವ ಜಾಗ. ಹಾಗೆಂದು ಅವರ ಹಳೆಯ ಕತೆಗಳಲ್ಲಿ ಕರುಣೆ ತುಂಬಿ ತುಳುಕುತ್ತಿತ್ತು ಎಂದುಕೊಳ್ಳಬೇಡಿ. ಹಿಮಬಿಳಿ, ಅಂದರೆ ಸ್ನೋ ವೈಟ್, ಕತೆಯ ಕೆಟ್ಟ ರಾಣಿಗೆ ಕೆಂಪಗೆ ಕಾದ ಕಬ್ಬಿಣದ ಬೂಟು ಹಾಕಿಸಿ, ಸಾಯುವವರೆಗೂ ಕುಣಿಸುತ್ತಾರೆ. ಸಿಂಡ್ರೆಲಾಳ ಅಕ್ಕಂದಿರ ಕಣ್ಣನ್ನು ಪಾರಿವಾಳಗಳು ಕುಕ್ಕಿ ತೆಗೆಯುತ್ತವೆ. ಆ ಕಣ್ಣು ಕುಕ್ಕುವ ಭಾಗ 1812ರಲ್ಲಿ ಇರಲಿಲ್ಲ, 1819ರ ಆವೃತ್ತಿಯಲ್ಲಿ ಸೇರಿತು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲೇ, 1697ರಲ್ಲಿ, ಫ್ರಾನ್ಸಿನ ಪೆರೋ ಬರೆದ ಅದೇ ಕತೆಯಲ್ಲಿ ಸಿಂಡ್ರೆಲಾ ಅಕ್ಕಂದಿರನ್ನು ಅಪ್ಪಿಕೊಂಡು ಕ್ಷಮಿಸುತ್ತಾಳೆ. ಅವರಿಗೆ ಮದುವೆಯನ್ನೂ ಮಾಡಿಸುತ್ತಾಳೆ. ಕತೆ ಹೇಳುವವರು ಶಿಕ್ಷೆಯನ್ನು ಸೇರಿಸಿದ್ದಾರೆ, ತೆಗೆದಿದ್ದಾರೆ. ಗ್ರಿಮ್ ಸಹೋದರರು ಅಚ್ಚಾದ ತಮ್ಮ ಪುಸ್ತಕದ ಮೇಲೇ ಕೈಯಿಂದ ತಿದ್ದುಪಡಿ ಬರೆದಿಟ್ಟ ಪ್ರತಿಗಳು ಉಳಿದಿವೆ. 2005ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಸ್ಮರಣೆಯ ಪಟ್ಟಿಗೆ ಸೇರಿಸಿತು. ಅವರೇ ತಮ್ಮ ಕತೆ ತಿದ್ದಿದರು. ನಾವು ಮಾತ್ರ ನಮ್ಮ ಹುಲಿಯನ್ನು ಯಾಕೆ ಮುಟ್ಟುವುದಿಲ್ಲ?

ಹೂವಿನ ಗಿಡವಾಗುವ ಹುಡುಗಿಯ ಕತೆ ನೆನಪಿದೆ ಅಲ್ವಾ? ಎ. ಕೆ. ರಾಮಾನುಜನ್ ಬರೆದಿಟ್ಟುಕೊಂಡ ಕನ್ನಡದ ಅಜ್ಜಿಕತೆ. ನಾದಿನಿ ಗಿಡದ ಕೊಂಬೆ ಮುರಿದು ಹುಡುಗಿಯನ್ನು ಅರೆಮೈ ಮಾಡಿ ಬಿಟ್ಟು ಹೋಗುತ್ತಾಳೆ. ಕೊನೆಗೆ ಹುಡುಗಿ ಮತ್ತೆ ಇಡಿಯಾಗುತ್ತಾಳೆ. ನಾದಿನಿಯನ್ನು ರಾಜ, ಅವಳ ಸ್ವಂತ ಅಪ್ಪ, ಕುದಿಯುವ ಸುಣ್ಣದ ಗುಂಡಿಗೆ ಹಾಕಿಸುತ್ತಾನೆ. ನೀನು ಏನು ಮಾಡಿದೆ ಗೊತ್ತಾ ಎಂದು ಅತ್ತಿಗೆ ನಾದಿನಿಯನ್ನು ಕೇಳುವ ಒಂದು ಮಾತು ಕತೆಯಲ್ಲಿಲ್ಲ. ಕತೆಯಲ್ಲಿ ಸುಣ್ಣದ ಗುಂಡಿ, ಮನೆಯಲ್ಲಿ ಪೇಡದ ಪೊಟ್ಟಣ. ಇವೆರಡರ ನಡುವೆ ಎದುರು ಬದುರು ಕೂತು ಮಾತಾಡುವ ಒಂದು ಜಾಗ ಇದೆ. ಇವತ್ತಿನ ಮಕ್ಕಳ ಕತೆಗಳು ಆ ಜಾಗವನ್ನು ಹುಡುಕಿಕೊಂಡಿವೆ. ಅದು ನಮಗೂ ಬೇಕು ಎಂದು ನನ್ನ ಮಾತು.

ಊರಿಗೆ ಹೋದಾಗ ಒಮ್ಮೆ ಇದನ್ನೇ ಹೇಳಿದೆ. ಅಕ್ಕ ಸಿಟ್ಟಾದಳು. "ಮಾತಿನಾಗ ಕೇಳಿದ್ರ ಅಷ್ಟ ಕ್ಷಮಾ ಏನು? ಕಾಕಾನ್ನ ಮರ್ತಿ?"

ಮರೆತಿರಲಿಲ್ಲ. ಬರೆಯಲು ಮನಸ್ಸಿರಲಿಲ್ಲ, ಅಷ್ಟೇ. ಅಪ್ಪನಿಗೂ ಕಾಕಾನಿಗೂ ಹೊಲದ ಜಗಳ. ವರ್ಷವಿಡೀ ಮಾತಿಲ್ಲ. ಆದರೆ ದಸರೆಯ ಸಂಜೆ ಕಾಕಾ ತಪ್ಪದೆ ಬರುತ್ತಿದ್ದರು. ಬನ್ನಿ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೋಣು" ಎಂದು ಅಪ್ಪನ ಕಾಲಿಗೆ ಬೀಳುತ್ತಿದ್ದರು. ಅಪ್ಪ ತಲೆ ಮುಟ್ಟುತ್ತಿದ್ದರು. ಹೊಲದ ಮಾತು ಒಂದೂ ಇಲ್ಲ. ಮರುವಾರ ಮತ್ತೆ ಮೌನ. ಇದೂ ಒಂದು ರಾಜಿಯೇ ಎಂದು ಹುಡುಗನಾಗಿದ್ದಾಗ ನನಗೆ ಕೋಪ ಬರುತ್ತಿತ್ತು. ಆದರೆ ಅಪ್ಪ ಆಸ್ಪತ್ರೆಯಲ್ಲಿದ್ದ ಹತ್ತೊಂಬತ್ತು ದಿನ ವರಾಂಡದ ನೆಲದ ಮೇಲೆ ಮಲಗಿದ್ದು ಕಾಕಾ. ನಾನು ಕಾಸೆಲ್‌ನಿಂದ ತಲುಪುವ ಮೊದಲೇ ಚಟ್ಟಕ್ಕೆ ಹೆಗಲು ಕೊಟ್ಟವರೂ ಅವರೇ.

ಇನ್ನೊಂದನ್ನೂ ಒಪ್ಪಬೇಕು. ಸಿನಿಮಾದ ಕ್ಷಮೆ ಬಹಳ ಬೇಗ ಆಗಿಬಿಡುತ್ತದೆ. ಹೊಳೆಯ ದಂಡೆ, ಎರಡು ನಿಮಿಷ, ಅಪ್ಪುಗೆ, ಹಾಡು. ಅದೇ ರಾತ್ರಿ ಆ ಹುಡುಗಿಗೆ ನಿದ್ದೆ ಬಂತೋ ಇಲ್ಲವೋ, ಯಾರೂ ತೋರಿಸುವುದಿಲ್ಲ. 1950ರ ನಾರ್ನಿಯಾ ಎಂಬ ಇಂಗ್ಲಿಷ್ ಮಕ್ಕಳ ಕತೆಯನ್ನು ಈಗ ಮಗಳಿಗೆ ಓದಿ ಹೇಳುತ್ತಿದ್ದೇನೆ. ಒಡಹುಟ್ಟಿದವರಿಗೆ ದ್ರೋಹ ಮಾಡಿದ ಎಡ್ಮಂಡ್ ಜೊತೆ ಸಿಂಹ ಒಂಟಿಯಾಗಿ ನಡೆಯುತ್ತಾ ಮಾತಾಡುತ್ತದೆ. ಏನು ಮಾತಾಡಿತು ಎಂದು ಓದುಗರಿಗೂ ಹೇಳುವುದಿಲ್ಲ. ಆಗಿಹೋದದ್ದನ್ನು ಅವನ ಹತ್ತಿರ ಎತ್ತಬೇಕಾಗಿಲ್ಲ ಎಂದು ಮಾತ್ರ ಉಳಿದವರಿಗೆ ಹೇಳುತ್ತದೆ. ಹುಡುಗ ಒಬ್ಬೊಬ್ಬರ ಕೈ ಕುಲುಕಿ ಸಾರಿ ಅನ್ನುತ್ತಾನೆ. ಅಷ್ಟೇ. ಅಲ್ಲೂ ಒಂದಿಷ್ಟು ಮೌನ ಇದೆ. ಅದು ನನಗೆ ಬಹಳ ಹಿಡಿಸಿತು.

ಆದರೂ ಅಪ್ಪ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಎಂದು ನಾನು ಈಗಲೂ ಬಯಸುತ್ತೇನೆ. ಮೊನ್ನೆ ಮಗಳ ಮೇಲೆ ಕಾರಣವಿಲ್ಲದೆ ಕೂಗಾಡಿದೆ. ಚಾಕೊಲೇಟ್ ತರೋಣ ಎಂದು ಕೈ ಜಾಕೆಟ್ಟಿಗೆ ಹೋಯಿತು. ನಿಂತೆ. ಅವಳ ಎದುರು ಕೂತು, ತಪ್ಪು ನಂದು, ನೀನೇನೂ ಮಾಡಿರಲಿಲ್ಲ ಎಂದೆ. ಆ ನಾಲ್ಕು ಮಾತು ಆಡುವುದು ಎಷ್ಟು ಕಷ್ಟ ಎಂದು ಗೊತ್ತಾಯಿತು. ಅಪ್ಪನಿಗೆ ಎಷ್ಟು ಕಷ್ಟವಾಗಿರಬೇಕು ಎಂದೂ.

ಹೋದ ಭಾನುವಾರ ಅವಳು ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ಪುಣ್ಯಕೋಟಿ ಹಾಡಿದಳು. ಗವಿಯ ಬಾಗಿಲಿಗೆ ಬಂದು ಹಾಡು ನಿಲ್ಲಿಸಿದಳು. ಮುಂದಿನದನ್ನು ತಾನೇ ಕಟ್ಟಿ ಹೇಳಿದಳು. ಹುಲಿ ತಪ್ಪಾಯ್ತು ಅನ್ನುತ್ತದೆ. ಹಸು, ಈಗ ಬೇಡ, ನಾಳೆ ಬಾ, ಯೋಚಿಸಿ ಹೇಳ್ತೀನಿ ಅನ್ನುತ್ತದೆ. ಹುಲಿ ಗವಿಗೆ ಹೋಗಿ ಮಲಗುತ್ತದೆ.

ಅವ್ವ ಬೈಯಬಹುದು ಎಂದುಕೊಂಡೆ. ಅವಳು ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಾರ ಅದು ರಾತ್ರಿ ಏನು ಉಣ್ತದವಾ? ಮೊದಲ ಹಸ್ದಿತ್ತು, ಪಾಪ."