ಭಾವನ ತಾಟು ಒಳಕೋಣೆಗೆ ಹೋಯಿತು

ಆರು ವರ್ಷದ ಮೇಲೆ ಸಿಂಧನೂರಿಗೆ ಹೋಗಿದ್ದೆ. ಅಕ್ಕನ ಮನೆಯ ಪಡಸಾಲೆಯಲ್ಲಿ ಎಲ್ಲರಿಗೂ ತಾಟು ಹಾಕಿದರು. ಭಾವ ತಮ್ಮ ತಾಟು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹಿಂದಿನ ದಿನ ಹೊಲದ ಪಾಲಿನ ಮಾತು ಬಂದಿತ್ತು, ಅದಕ್ಕೇ ಸಿಟ್ಟಿರಬೇಕು ಅಂದುಕೊಂಡೆ. ಅಕ್ಕ ರೊಟ್ಟಿ ನೀಡುತ್ತಾ ಹೇಳಿದಳು, "ಅವರು ಹಂಗs. ಆಪರೇಷನ್ ಆದಾಗಿಂದ ಯಾರ ಮುಂದೂ ಉಣ್ಣಂಗಿಲ್ಲ."

ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಒಂದು ಸಲವೂ ಇದನ್ನು ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತಲೇ ಅವಳಿಗೆ ಅನಿಸಿಲ್ಲ.

ನನಗೂ ಭಾವನಿಗೂ ಒಂದೇ ಕಾಯಿಲೆ, ಬಾಯಿ ಕ್ಯಾನ್ಸರ್. ಸ್ಕೂಟರು, ಗುಟ್ಕಾ ಎರಡನ್ನೂ ನನಗೆ ಕಲಿಸಿದ್ದು ಅವರೇ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತು. ಅಂಗಡಿಯವ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಕೊಡತೊಡಗಿದ. ಕಲಸಿಕೊಂಡರೆ ಮುಗೀತು, ಭಾವನಿಗೆ ಬಿಡುವ ತಾಪತ್ರಯವೇ ಬರಲಿಲ್ಲ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೆ. ಅಲ್ಲಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿಗಳ ಪಾನ್ ಅಂಗಡಿಗಳಿವೆ. ಬಿಡುವ ತಾಪತ್ರಯ ನನಗೂ ಬರಲಿಲ್ಲ.

ಇಬ್ಬರಿಗೂ ಕೆಳದವಡೆಯ ಒಂದು ಕಡೆ ತೆಗೆದರು. ಭಾವನಿಗೆ ಹೈದರಾಬಾದಿನಲ್ಲಿ, ಮೂರು ವರ್ಷದ ನಂತರ ನನಗೆ ಲೆಸ್ಟರ್‌ನಲ್ಲಿ. ಆ ಜಾಗಕ್ಕೆ ಕೂರಿಸಿದ್ದು ಕಾಲಿನ ಸಣ್ಣ ಎಲುಬು, ಫಿಬ್ಯುಲಾ. ಮೇಲೆ ಕೆಳಗೆ ಸ್ವಲ್ಪ ಉಳಿಸಿ ನಡುವಿನದ್ದು ತೆಗೆಯುತ್ತಾರೆ, ಓಡಾಟಕ್ಕೆ ತೊಂದರೆ ಇಲ್ಲ. ಅದನ್ನು ತುಂಡು ಮಾಡಿ, ದವಡೆಯ ಆಕಾರಕ್ಕೆ ಪ್ಲೇಟಿಗೆ ಬಿಗಿದು, ಅದರ ರಕ್ತನಾಳವನ್ನು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಹೊಲಿಯುತ್ತಾರೆ. ಕಾಲಿನ ಚರ್ಮವೇ ಬಾಯೊಳಗಿನ ಚರ್ಮ ಆಗುತ್ತದೆ. "ಬಾಯಾಗ ಕಾಲಿನ ಕೂದಲಾ ಬಂದಿದ್ವು. ಹಜಾಮಗ ಬಾಯಿ ತೆಗೆದು ತೋರಿಸಲೇನು ಅನಿಸಿತ್ತು," ಅಂತಾರೆ ಭಾವ. ರೇಡಿಯೇಷನ್ ಕೊಟ್ಟ ಮೇಲೆ ಉದುರಿದವಂತೆ.

ನಮ್ಮಿಬ್ಬರ ಎಕ್ಸ್‌ರೇ ಪಕ್ಕಪಕ್ಕ ಹಿಡಿದರೆ ಯಾವುದು ಇಂಗ್ಲೆಂಡಿನದು, ಯಾವುದು ಹೈದರಾಬಾದಿನದು ಗೊತ್ತಾಗಲ್ಲ. ಕೈಚಳಕದಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ನನ್ನ ತಕರಾರು ಆಮೇಲಿನದು.

ನನ್ನ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋದಾಗಲೆಲ್ಲ ಮೊದಲು ಒಂದು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಮಾಡಿದ್ದು, 12 ವಿಷಯ. ನೋವು, ಮುಖ ಕಾಣುವ ರೀತಿ, ಓಡಾಟ, ಮನರಂಜನೆ, ನುಂಗೋದು, ಅಗಿಯೋದು, ಮಾತು, ಭುಜ, ರುಚಿ, ಜೊಲ್ಲು, ಮನಸ್ಸು, ಆತಂಕ. ಕಳೆದ ಏಳು ದಿನ ಇದರಲ್ಲಿ ಯಾವ ಮೂರು ಜಾಸ್ತಿ ಕಾಡಿದವು ಅಂತಲೂ ಕೇಳುತ್ತಾರೆ. ನಾನು ಪ್ರತಿಸಲ ಜೊಲ್ಲು ಅಂತ ಬರೆಯುತ್ತೇನೆ. ರೇಡಿಯೇಷನ್‌ಗೆ ಬಾಯಿ ಒಣಗಿ ಹೋಗಿದೆ, ರಾತ್ರಿ ಮೂರು ಸಲ ಎದ್ದು ನೀರು ಕುಡಿಯುತ್ತೇನೆ. ಬರೆದರೆ ಬಾಯಿ ಒದ್ದೆಯಾಗಲ್ಲ, ನಿಜ. ಆದರೆ ಬರೆದದ್ದನ್ನು ಒಬ್ಬ ನರ್ಸ್ ಓದುತ್ತಾಳೆ, ಮುಂದಿನ ಸಲ ನೆನಪಿಟ್ಟು ಕೇಳುತ್ತಾಳೆ.

ಭಾವನ ವಾರ್ಷಿಕ ತಪಾಸಣೆಗೆ ನಾನೂ ಹೋಗಿದ್ದೆ. ಡಾಕ್ಟರು ಟಾರ್ಚ್ ಬಿಟ್ಟರು, ಕುತ್ತಿಗೆ ಒತ್ತಿ ನೋಡಿದರು, "ಏನಿಲ್ಲ, ಆರಾಮ್ ಇದೀರಿ, ಮುಂದಿನ ವರ್ಷ ಬನ್ನಿ" ಅಂದರು. ಭಾವ ಕೈ ಮುಗಿದರು. ಎರಡು ನಿಮಿಷ ಆಗಿರಲಿಲ್ಲ. ಕ್ಯಾನ್ಸರ್ ಮರಳಿಲ್ಲ, ಎಲುಬು ಕೂಡಿದೆ, ಫೈಲು ಚೆನ್ನಾಗಿದೆ. ಬಾಗಿಲು ಹಾಕಿಕೊಂಡು ಉಣ್ಣೋದು ಯಾವ ಕಾಲಮ್ಮಿನಲ್ಲೂ ಇಲ್ಲ. ನನಗೆ ಸಿಟ್ಟು ಬಂತು, ಭಾವನಿಗೆ ಖುಷಿಯೋ ಖುಷಿ. "ಜೀವ ಉಳೀತಲ್ಲ, ಇನ್ನೇನು ಬೇಕೋ?"

ಊರಿಗೆ ಬಂದ ಸಂಜೆ ಕಟ್ಟೆ ಮೇಲೆ ಕೂತು ಆ ಪ್ರಶ್ನೆಗಳನ್ನು ಕನ್ನಡ ಮಾಡಿ ಓದಿದೆ. ಅಗಿಯುವುದಕ್ಕೆ ಮೂರೇ ಉತ್ತರ ಇವೆ: ಮೊದಲಿನಂತೆ ಅಗಿಯುತ್ತೇನೆ, ಮೆತ್ತಗಿನದ್ದು ತಿಂತೇನೆ, ಅದೂ ಆಗಲ್ಲ. "ರೊಟ್ಟಿ ಯಾವುದರಾಗ ಬರ್ತದ?" ಅಂದರು. ಖಡಕ್ ರೊಟ್ಟಿಯೋ ಬಿಸಿ ರೊಟ್ಟಿಯೋ ಅಂತ ನಾನು. "ಮುಟಿಗಿ," ಅಂದರು ಭಾವ. ಅಂದರೆ ಕುಟ್ಟಿ ಮೆತ್ತಗೆ ಮಾಡಿದ ರೊಟ್ಟಿ. ಪ್ರಶ್ನೆಪತ್ರಿಕೆ ಮಾಡಿದವರು ಅದಕ್ಕೆ ಜಾಗ ಇಟ್ಟಿಲ್ಲ.

ಮುಖದ ಪ್ರಶ್ನೆ ಬಂದಾಗ ಟವೆಲಿನಿಂದ ತುಟಿ ಒರೆಸಿಕೊಂಡರು. "ಈ ಕಡೆ ತುಟಿ ಜೋಮು. ಸಾರು ಸೋರಿದ್ರ ನನಗ ಗೊತ್ತಾಗಂಗಿಲ್ಲ. ಎದುರಿಗಿನವರ ಮಾರಿ ನೋಡಿದ್ರ ಗೊತ್ತಾಗ್ತದ."

ನನ್ನದೂ ಅದೇ ಕಥೆ. ದವಡೆಯ ಜೊತೆ ತುಟಿಗೆ ಹೋಗುವ ನರವೂ ಹೋಗುತ್ತದೆ. ಆದರೆ ಲೆಸ್ಟರ್‌ನಲ್ಲಿ ಸ್ಪೀಚ್ ಥೆರಪಿಸ್ಟ್ ನನ್ನ ಎದುರು ಕನ್ನಡಿ ಇಟ್ಟು ಒಂದು ತಿಂಗಳು ಊಟ ಮಾಡಿಸಿದಳು. ಸಣ್ಣ ತುತ್ತು, ಸರಿಯಿರುವ ಕಡೆಗೆ ತಲೆ ವಾಲಿಸು, ನುಂಗು, ಒರೆಸು. ಇಷ್ಟೇ ವಿದ್ಯೆ. ಇದಕ್ಕೆ ಮೈಕ್ರೋಸ್ಕೋಪ್ ಬೇಡ, ಕನ್ನಡಿ ಸಾಕು. ಭಾವನಿಗೆ ಆರು ವರ್ಷದಲ್ಲಿ ಯಾರೂ ಹೇಳಿಕೊಟ್ಟಿಲ್ಲ, ಯಾಕಂದರೆ ಯಾರೂ ಕೇಳಿಲ್ಲ. ಆಪರೇಷನ್ನಿಗೆ ಒಂದು ಎಕರೆ ಗದ್ದೆ ಹೋಗಿತ್ತು.

ನಮ್ಮ ಜಿಲ್ಲೆ ರಾಯಚೂರಿಗೆ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರ ಮೇ ತಿಂಗಳಲ್ಲಿ ಧರಣಿಗೆ ಕೂತವರು ಸಾವಿರ ದಿನ ದಾಟಿಸಿದರು. ನಾನೂ ಅವರ ಪರ. ಬರಲಿ. ಬಂದರೆ ದವಡೆ ಕಟ್ಟೋದಕ್ಕೆ ಹೈದರಾಬಾದಿಗೆ ಓಡೋದು ತಪ್ಪೀತು. ಕಟ್ಟಿದ ದವಡೆಯಲ್ಲಿ ಐದನೇ ವರ್ಷ ಏನು ಅಗಿಯುತ್ತಿದ್ದೀರಿ ಅಂತ ಕೇಳೋ ಒಬ್ಬ ನರ್ಸಮ್ಮನಿಗೂ ಅಲ್ಲೊಂದು ಕುರ್ಚಿ ಇರಲಿ.

ಇದನ್ನೆಲ್ಲ ಹೇಳಿದ್ದಕ್ಕೆ ಅಕ್ಕ, "ನಿನಗ ಎಷ್ಟು ದಿನಕ್ಕ ಆಪರೇಷನ್ ಮಾಡಿದ್ರು?" ಅಂದಳು. ಹನ್ನೊಂದು ವಾರ. ಭಾವನಿಗೆ ಒಂಬತ್ತನೇ ದಿನಕ್ಕೆ ಆಗಿತ್ತು. ಇಂಗ್ಲೆಂಡಿನಲ್ಲಿ 62 ದಿನದೊಳಗೆ ಚಿಕಿತ್ಸೆ ಶುರು ಆಗಬೇಕು ಅಂತ ಗುರಿ ಇದೆ, ನನ್ನ ಪಾಲಿಗೆ ಅದು ಗೋಡೆ ಮೇಲೆ ಬರೆದದ್ದಷ್ಟೇ. ಆ ಹನ್ನೊಂದು ವಾರ ಗಡ್ಡೆ ಸುಮ್ನೆ ಕೂತಿರಲಿಲ್ಲ. ಇನ್ನೊಂದು ಮಾತು, ಹೇಳಬಾರದು ಅಂದುಕೊಂಡಿದ್ದೆ. ಲೆಸ್ಟರ್‌ನಲ್ಲಿ ಪ್ರಶ್ನೆಪತ್ರಿಕೆ ಎಲ್ಲ ಕೇಳುತ್ತದೆ, ಪಕ್ಕದ ಮನೆಯವರು ಮೂರು ವರ್ಷದಿಂದ ನನ್ನ ಮುಖ ಬಿಟ್ಟು ಹವಾಮಾನ ನೋಡುತ್ತಾರೆ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹತ್ತು ನಿಮಿಷಕ್ಕೆ ಹಣ್ಣಿನವಳು "ಮಾರಿಗೆ ಏನಾತೋ ತಮ್ಮಾ?" ಅಂದಳು. ಹೇಳಿದೆ. ಗಟ್ಟಿ ಪೇರಲಹಣ್ಣು ತೆಗೆದಿಟ್ಟು ಕಳಿತ ಬಾಳೆಹಣ್ಣು ಕೊಟ್ಟಳು. ಅಕ್ಕ ಆರು ವರ್ಷದಿಂದ ದಿನಕ್ಕೆರಡು ಸಲ ರೊಟ್ಟಿ, ಬೆಳ್ಳುಳ್ಳಿ, ಎಣ್ಣೆ ಹಾಕಿ ಮುಟಿಗಿ ಕುಟ್ಟುತ್ತಾಳೆ, ಅವಳಿಗೂ ಯಾರೂ ಹೇಳಿಕೊಟ್ಟಿಲ್ಲ.

ಬರುವಾಗ ಭಾವನಿಗೆ ಒಂದು ಕನ್ನಡಿ, ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ ಕೊಟ್ಟು ಬಂದೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಿಗಿತ ಅಂತ ಲೆಕ್ಕ. ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿದು ದಿನಾ ಹಿಗ್ಗಿಸಬೇಕು. ನನ್ನದು 17 ಕಡ್ಡಿ. ಭಾವ ಭಾನುವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಫೋಟೋ ಹಾಕುತ್ತಾರೆ. ಮೊನ್ನೆ "15" ಅಂತ ಬರೆದಿದ್ದರು. ದೊಡ್ಡದು ಮಾಡಿ ಎಣಿಸಿದೆ, 14 ಇದ್ದವು.